ಬುಧವಾರದ ಮೂವತ್ತು ಬ್ರೆಡ್ಡು

ಜೂನ್ 2, ಸೋಮವಾರ

ಕೊನೆಗೂ ರಾಜೀನಾಮೆ ಕೊಟ್ಟೆ. ಮ್ಯಾನೇಜರು ಓದಿ, ಮಡಚಿ, ಮತ್ತೆ ಬಿಡಿಸಿ ಓದಿ, "ಕಾರಣ?" ಅಂದರು. ಕೆಲಸದಲ್ಲಿ ಖುಷಿ ಇಲ್ಲ ಎಂದೆ. "ಸಂಬಳ ಸಾಲ್ದು ಅಂತ ಹೇಳಿ, ಅರ್ಥ ಆಗುತ್ತೆ. ಮನೆ ದೂರ ಅಂತ ಹೇಳಿ, ಅದೂ ಅರ್ಥ ಆಗುತ್ತೆ. ಖುಷಿ ಇಲ್ಲ ಅಂದ್ರೆ ನಾನು ಯಾವ ಕಾಲಮ್ಮಲ್ಲಿ ಬರ್ಕೊಳ್ಲಿ?" ಎಂದು ಕೇಳಿದರು. ಮನುಷ್ಯ ಕೆಟ್ಟವರಲ್ಲ. ಅವರಿಗೆ ನಿಜವಾಗಿಯೂ ಆ ಕಾಲಂ ಸಿಗಲಿಲ್ಲ.

ನಿಯಮದ ಪ್ರಕಾರ ಇನ್ನೂ ಒಂದು ತಿಂಗಳ ಮೇಲೆ ಇಲ್ಲೇ ಇದ್ದು, ನನ್ನ ಕೆಲಸವನ್ನು ಹೊಸಬರಿಗೆ ಕಲಿಸಿಕೊಡಬೇಕು. ನಡುವೆ ಮನಸ್ಸು ಬದಲಾದರೆ ಮೂವತ್ತನೇ ತಾರೀಕಿನೊಳಗೆ ಹೇಳಬೇಕಂತೆ, ಕಾಗದ ಹರಿದು ಹಾಕುತ್ತಾರಂತೆ. ಬದಲಾಗುವುದಿಲ್ಲ ಎಂದೆ.

ನನ್ನ ಕೆಲಸ ಎಂದರೆ ಅಜ್ಜ. ಒಂದು ದೊಡ್ಡ ಬ್ರೆಡ್ ಕಾರ್ಖಾನೆಗೆ ನಮ್ಮ ಕಂಪನಿ ಯಾವುದೋ ಕಾಲದಲ್ಲಿ ಬರೆದುಕೊಟ್ಟ ಪ್ರೋಗ್ರಾಮಿಗೆ ಆಫೀಸಿನವರು ಇಟ್ಟ ಹೆಸರು ಅದು. ಯಾವ ಅಂಗಡಿಯಲ್ಲಿ ಎಷ್ಟು ಬ್ರೆಡ್ಡು ಮಾರಾಟವಾಯಿತು, ಎಷ್ಟು ಉಳಿದು ವಾಪಸ್ ಬಂತು ಎಂದು ನೋಡಿ, ನಾಳೆ ಯಾರಿಗೆ ಎಷ್ಟು ಕಳಿಸಬೇಕು ಎಂದು ಅಜ್ಜ ಹೇಳುತ್ತಾನೆ. ಬೆಳಿಗ್ಗೆ ವ್ಯಾನುಗಳು ಅವನು ಹೇಳಿದ ಹಾಗೆ ಹೊರಡುತ್ತವೆ. ಬರೆದ ಮನುಷ್ಯ ಎಂದೋ ಬಿಟ್ಟು ಹೋದ, ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಜೊತೆಯವರೆಲ್ಲ ಹೊಸ ಹೊಸ ಕೆಲಸ ಹಿಡಿದು ಜಾಣರಾದರು, ಅಜ್ಜ ನನ್ನ ಕೊರಳಿಗೆ ಬಿದ್ದ. ವರ್ಷಗಳಿಂದ ಅವನ ಕೆಮ್ಮು ಕಫ ನೋಡಿಕೊಂಡು ಕೂತಿದ್ದೇನೆ.

ಕಾಲೇಜಿನಲ್ಲಿ ನನ್ನ ಮೊದಲ ಪ್ರೋಗ್ರಾಂ ಓಡಿದ ದಿನ ಮಧ್ಯಾಹ್ನದ ಊಟ ಮರೆತು ಕೂತಿದ್ದೆ. ಲ್ಯಾಬಿನವರು ಫ್ಯಾನ್ ಆರಿಸಿ ಎಬ್ಬಿಸಿದರು. ಇಂಥದ್ದಕ್ಕೆ ಸಂಬಳ ಬೇರೆ ಕೊಡುತ್ತಾರೆಯೇ ಎಂದು ಆಶ್ಚರ್ಯಪಟ್ಟಿದ್ದೆ. ಕೊಡದಿದ್ದರೆ ಯಾರೂ ಮಾಡುವುದಿಲ್ಲ, ಅದಕ್ಕೇ ಕೊಡುತ್ತಾರೆ ಎಂದು ಈಗ ಗೊತ್ತಾಗಿದೆ.

ಹೊಸ ಕಂಪನಿಯವರು ಮೊಬೈಲಿನ ಆಟ ಮಾಡುತ್ತಾರೆ. ಸಂದರ್ಶನದಲ್ಲಿ, "ನಮ್ಮಲ್ಲಿ ಯಾರೂ ಕೆಲಸ ಮಾಡಲ್ಲ ಮೇಡಂ, ಎಲ್ಲರೂ ಆಡ್ತೀವಿ" ಅಂದರು. ಸಂತೋಷಕ್ಕೆ ಅಳುವುದೊಂದು ಬಾಕಿ ನನಗೆ.

ಸಂಜೆ ಇವರಿಗೆ ಹೇಳಿದೆ. ಇವರು ಹಲ್ಲಿನ ಡಾಕ್ಟರು, ಮನೆಯ ಕೆಳಗೇ ಕ್ಲಿನಿಕ್ಕು. "ಒಳ್ಳೇದಾಯ್ತು ಬಿಡು" ಅಂದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಆದ್ರೆ ಒಂದು ಮಾತು. ಹಲ್ಲು ಕೀಳೋದು ಅಂದ್ರೆ ನಂಗೆ ತುಂಬಾ ಖುಷಿ ಅಂತ ನಾನು ಬೋರ್ಡು ಹಾಕಿದ್ರೆ ಯಾರಾದ್ರೂ ಬಾಯಿ ತೆರೀತಾರಾ?" ಅಂದರು. ಅತ್ತೆ ಪದಬಂಧದಿಂದ ತಲೆ ಎತ್ತದೆ ಕಿಸಕ್ಕನೆ ನಕ್ಕರು. ಮಗನ ಜೋಕಿಗೆ ಮಾತ್ರ ಅವರಿಗೆ ಕಿವಿ ಚುರುಕು.

ಜೂನ್ 5, ಗುರುವಾರ

ನನ್ನ ಜಾಗಕ್ಕೆ ಬರುವವರು ಬಂದರು. ನನಗಿಂತ ಎರಡು ಮೂರು ವರ್ಷ ದೊಡ್ಡವರೇ ಇರಬೇಕು. ಮಕ್ಕಳು ದೊಡ್ಡವರಾಗುವ ತನಕ ಮನೆಯಲ್ಲಿದ್ದು ಈಗ ಮತ್ತೆ ಕೆಲಸಕ್ಕೆ ಇಳಿದಿದ್ದಾರೆ. ಎರಡು ತಿಂಗಳು ನೋಡಿ ಆಮೇಲೆ ಖಾಯಂ ಮಾಡುತ್ತಾರಂತೆ. ಬರುವಾಗಲೇ ಕುರ್ಚಿಗೆ ಸ್ವಂತ ದಿಂಬು, ನೀರಿನ ಬಾಟಲಿ, ಹೆಸರು ಅಂಟಿಸಿದ ಸ್ಟೇಪ್ಲರ್. ಸ್ಟೇಪ್ಲರ್ ನೋಡಿದ ಕೂಡಲೇ ಇವರ ಜಾತಕ ನನಗೆ ಗೊತ್ತಾಯಿತು.

ಊಟದ ಹೊತ್ತಿಗೆ, "ಪ್ರೋಗ್ರಾಮಿಂಗ್ ಅಂದ್ರೆ ಇಷ್ಟಾನಾ ನಿಮಗೆ?" ಎಂದು ಕೇಳಿದೆ.

"ಇಷ್ಟ ಕಷ್ಟ ಅಂತೇನಿಲ್ಲ ಮೇಡಂ. ಬರುತ್ತೆ, ಮಾಡ್ತೀನಿ."

"ಬೇಜಾರಾದ್ರೆ?"

"ಬೇಜಾರಾಗುತ್ತೆ ಅಂತಾನೇ ಅಲ್ವಾ ಸಂಬಳ ಕೊಡೋದು."

ಹೆಚ್ಚು ಕಡಿಮೆ ಇದೇ ಮಾತನ್ನು ನಾನೂ ಮೊನ್ನೆ ಬರೆದಿದ್ದೆ. ಆದರೆ ನಾನು ನೊಂದುಕೊಂಡು ಬರೆದಿದ್ದೆ, ಅವರು ಡಬ್ಬಿಯ ಮುಚ್ಚಳ ತೆಗೆಯುತ್ತಾ ಹೇಳಿದರು.

ಗಡಿಯಾರ ಐದು ತೋರಿಸಿದ ಕೂಡಲೇ ಅವರ ಕೈ ನಿಂತಿತು. ಅರ್ಧ ಬರೆದ ಸಾಲನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅರ್ಧ ಸಾಲು ಬಿಟ್ಟು ಹೋಗುವವರಿಗೆ ರಾತ್ರಿ ನಿದ್ದೆ ಹೇಗೆ ಹತ್ತುತ್ತದೋ. ಈ ಡೈರಿಯ ಮಟ್ಟಿಗೆ ಅವರ ಹೆಸರು 'ಐದು ಗಂಟೆ' ಎಂದು ಇಟ್ಟಿದ್ದೇನೆ.

ಜೂನ್ 9, ಸೋಮವಾರ

ಐದು ಗಂಟೆ ಕೇಳಿದ ಪ್ರಶ್ನೆ: "ಇದು ಯಾಕೆ ಹೀಗಿದೆ ಮೇಡಂ?" ನಾನು ಕೊಟ್ಟ ಉತ್ತರ: "ಮೊದಲಿಂದಲೂ ಹಾಗೇ ಇದೆ." ಇದನ್ನೇ ತಿರುಗಿಸಿ ಮುರುಗಿಸಿ ದಿನವಿಡೀ ಆಡಿದೆವು. ತಲೆನೋವು.

ಜೂನ್ 12, ಗುರುವಾರ

ಹೋಗುವ ಮುಂಚೆ ಅಜ್ಜನಿಗೊಂದು ಸ್ನಾನ ಮಾಡಿಸೋಣ ಎನ್ನಿಸಿತು. ಒಪ್ಪಿಸುವ ವಸ್ತು ನೋಡುವ ಹಾಗಾದರೂ ಇರಬೇಕಲ್ಲ. ಬೆಳಿಗ್ಗೆಯಿಂದ ಉಪಯೋಗವಿಲ್ಲದ ಸಾಲುಗಳನ್ನು ಕಿತ್ತು ಕಿತ್ತು ಬಿಸಾಡಿದೆ. ಅಟ್ಟ ಗುಡಿಸಿದಷ್ಟು ಹಿತವಾಯಿತು.

ನಲವತ್ತನೇ ಅಂಗಡಿಯ ಹತ್ತಿರ ಒಂದು ವಿಚಿತ್ರ ಸಾಲು ಸಿಕ್ಕಿತು. ಬುಧವಾರವಾದರೆ ಈ ಅಂಗಡಿಗೆ ಮೂವತ್ತು ಬ್ರೆಡ್ಡು ಹೆಚ್ಚಿಗೆ ಕಳಿಸು. ಅಷ್ಟೇ. ಯಾಕೆ ಎಂದು ಒಂದಕ್ಷರ ಬರೆದಿಲ್ಲ. ಆ ಮೂವತ್ತು ಮಾರಾಟವಾದದ್ದಕ್ಕೂ ಲೆಕ್ಕವಿಲ್ಲ, ವಾಪಸ್ ಬಂದದ್ದಕ್ಕೂ ಲೆಕ್ಕವಿಲ್ಲ. ವಾರ ವಾರವೂ ಗಾಳಿಗೆ ಹೋಗುತ್ತಿದೆ. ಅದಕ್ಕೊಂದು ಬಾಲಂಗೋಚಿ ಬೇರೆ: ನಲವತ್ತೊಂದನೇ ಅಂಗಡಿಯಲ್ಲಿ ಬನ್ನು ಹೆಚ್ಚು ಉಳಿದು ವಾಪಸ್ ಬಂದಿದ್ದರೆ, ನಲವತ್ತಕ್ಕೆ ಆ ಮೂವತ್ತು ಬ್ರೆಡ್ಡು ಕಳಿಸಬೇಡ. ಎಲ್ಲಿಯ ಬ್ರೆಡ್ಡು, ಎಲ್ಲಿಯ ಬನ್ನು. ಬರೆದವನಿಗೆ ಆ ದಿನ ಜ್ವರ ಇದ್ದಿರಬೇಕು.

"ಅಳಿಸೋಣ" ಎಂದೆ.

"ಏನೋ ಕಾರಣಕ್ಕೆ ಬರೆದಿರ್ತಾರಲ್ವಾ ಮೇಡಂ? ಯಾರನ್ನಾದ್ರೂ ಕೇಳಿ ತೆಗೆದ್ರೆ?" ಅಂದರು ಐದು ಗಂಟೆ.

"ಯಾರನ್ನ ಕೇಳ್ತೀರಿ? ಬರೆದೋರು ಇಲ್ಲ, ಬರೆಸಿದೋರು ಇಲ್ಲ."

ಅಳಿಸಿದೆ. ಅಭ್ಯಾಸವಾಗಲಿ ಎಂದು ಕಾರ್ಖಾನೆಗೆ ಕಳಿಸುವ ಗುಂಡಿಯನ್ನು ಅವರ ಕೈಯಲ್ಲೇ ಒತ್ತಿಸಿದೆ. ಅಜ್ಜ ಈಗ ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತಾನೆ.

ಜೂನ್ 18, ಬುಧವಾರ

ಇವತ್ತು ನನ್ನ ಮುಖಕ್ಕೆ ನಾನೇ ಮಸಿ ಬಳಿದುಕೊಂಡೆ.

ಬೆಟ್ಟದ ಮೇಲೊಂದು ಶಾಲೆ ಇದೆ, ಹಾಸ್ಟೆಲ್ಲೂ ಇದೆ. ಬುಧವಾರ ಅಲ್ಲಿನ ಅಡುಗೆಯಮ್ಮನಿಗೆ ವಾರದ ರಜೆ. ಆ ದಿನ ಮಕ್ಕಳಿಗೆ ಬೆಳಿಗ್ಗೆ ಬ್ರೆಡ್ಡು. ನಮ್ಮ ವ್ಯಾನು ಬೆಟ್ಟ ಹತ್ತುವುದಿಲ್ಲ, ಹಾಸ್ಟೆಲಿನ ಜೀಪು ಕೆಳಗೆ ಬಂದು ನಲವತ್ತನೇ ಅಂಗಡಿಯಿಂದ ಎತ್ತಿಕೊಂಡು ಹೋಗುತ್ತದೆ. ಅಂಗಡಿಯವರಿಗೆ ಅದು ಬರೀ ಇಳಿಸುವ ಜಾಗ. ಅದಕ್ಕೇ ಅವರ ಲೆಕ್ಕದಲ್ಲಿ ಮಾರಾಟವೂ ಇಲ್ಲ, ವಾಪಸ್ಸೂ ಇಲ್ಲ. ಇದೆಲ್ಲ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಗೊತ್ತಿದ್ದದ್ದು. ಅಜ್ಜ ನೋಡಿಕೊಳ್ಳುತ್ತಾನೆ ಎಂದು ಎಲ್ಲರೂ ಮರೆತರು.

ಇವತ್ತು ಜೀಪು ಖಾಲಿ ಹೋಯಿತು. ರಜೆಯಲ್ಲಿದ್ದ ಅಡುಗೆಯಮ್ಮನನ್ನು ಮನೆಯಿಂದ ಕರೆಸಿದರಂತೆ. ದೊಡ್ಡ ಮಕ್ಕಳು ಬರೀ ಹೊಟ್ಟೆಯಲ್ಲಿ ಪರೀಕ್ಷೆಗೆ ಕೂತರಂತೆ.

ಗುಂಡಿ ಒತ್ತಿದ್ದು ಐದು ಗಂಟೆಯವರ ಹೆಸರಿನಲ್ಲಿ, ಹಾಗಾಗಿ ಮ್ಯಾನೇಜರು ಕರೆದದ್ದು ಅವರನ್ನು. ನಾನು ಹಿಂದೆಯೇ ಹೋಗಿ, "ಅಳಿಸಿದ್ದು ನಾನು. ಅವರು ಬೇಡ ಅಂದ್ರು, ನಾನು ಕೇಳಲಿಲ್ಲ" ಎಂದೆ. ಮ್ಯಾನೇಜರು ಅವರ ಕಡೆಗೇ ನೋಡುತ್ತಾ, "ಹೊಸಬರಿಗೆ ಇಂಥದ್ದೆಲ್ಲ ಫೈಲಿಗೆ ಹೋಗುತ್ತೆ, ಅದಕ್ಕೆ ಹೇಳಿದ್ದು" ಅಂದರು. ನನ್ನ ಫೈಲಿಗೆ ಹಾಕಿ ಎಂದೆ. ಹೋಗುವವಳ ಫೈಲು ಯಾರು ಓದುತ್ತಾರೆ.

ಜಾಗಕ್ಕೆ ಬಂದು ಅವರು ಬಾಟಲಿಯ ನೀರು ಅರ್ಧ ಕುಡಿದರು. ನನ್ನನ್ನು ಬೈಯಲಿಲ್ಲ. "ಸಾಲನ್ನ ವಾಪಸ್ ಹಾಕೋಣ ಮೇಡಂ. ಈ ಸಲ ಯಾಕೆ ಅಂತ ಪಕ್ಕದಲ್ಲೇ ಬರೆದು ಹಾಕೋಣ" ಅಂದರು. ಬರೆದರು: ಅಡುಗೆಯವರ ವಾರದ ರಜೆ. ಯಾರದ್ದೋ ರಜೆಗೆಂದು ಯಾರೋ ಕೂತು ಬರೆದ ಸಾಲು ಅದು. ನಾನು ಅದನ್ನು ಕಸ ಎಂದುಕೊಂಡೆ. ಐದಾಗಿ ಎಷ್ಟೋ ಹೊತ್ತಾಗಿತ್ತು, ಅವರು ಎದ್ದಿರಲಿಲ್ಲ. ಹೋಗಿ ಎಂದು ನಾನೇ ಹೇಳಬೇಕಾಯಿತು.

ಜೂನ್ 20, ಶುಕ್ರವಾರ

ಬೇರೆ ಸಾಲುಗಳಿಗೂ 'ಯಾಕೆ' ಬರೆಯುತ್ತಾ ಹೋಗುತ್ತಿದ್ದೇವೆ. ಐದು ಗಂಟೆಯವರು ಫೋನ್ ಹಿಡಿಯುತ್ತಾರೆ, ನಾನು ಹಳೆಯ ಲೆಕ್ಕ ತೆಗೆದು ನೋಡುತ್ತೇನೆ. ಇಪ್ಪತ್ತೆರಡನೇ ಅಂಗಡಿಗೆ ಯಾವಾಗಲೂ ಎಲ್ಲರಿಗಿಂತ ಮೊದಲು ವ್ಯಾನು ಹೋಗುವುದು ಯಾಕೆ? ಆ ಬೀದಿಯಲ್ಲಿ ಎಂಟರ ಮೇಲೆ ಒಂದೇ ಕಡೆಗೆ ಗಾಡಿ ಬಿಡುತ್ತಾರೆ. ಒಂಬತ್ತನೇ ಅಂಗಡಿಗೆ ದೊಡ್ಡ ಬ್ರೆಡ್ಡು ಯಾಕಿಲ್ಲ? ಅವರ ಕಪಾಟಿಗೆ ಹಿಡಿಸುವುದಿಲ್ಲ. ಕಪಾಟಿನ ಅಳತೆ ಕೂಡ ಗೊತ್ತಿತ್ತು ಆ ಮನುಷ್ಯನಿಗೆ. ಇಷ್ಟು ವರ್ಷ ಓದಿದ ಸಾಲುಗಳೇ, ಅವುಗಳಲ್ಲಿ ಇಷ್ಟೊಂದು ಜನ ಇದ್ದಾರೆ ಎಂದು ನನಗೆ ಹೊಳೆದಿರಲಿಲ್ಲ.

ಬನ್ನಿನ ಬಾಲಂಗೋಚಿ ಮಾತ್ರ ಬಿಡಿಸಲಾಗಲಿಲ್ಲ. ಹಾಸ್ಟೆಲಿನ ವಾರ್ಡನ್ನರಿಗೆ ಬನ್ನಿನ ವಿಷಯ ಗೊತ್ತೇ ಇಲ್ಲ. ಕಾರ್ಖಾನೆಯವರು, "ಬನ್ನಾ? ಯಾವ ಬನ್ನು?" ಅಂದರು. ನಲವತ್ತೊಂದನೇ ಅಂಗಡಿಯಲ್ಲಿ ಬನ್ನು ಉಳಿದರೆ ಬೆಟ್ಟದ ಮಕ್ಕಳಿಗೆ ಬ್ರೆಡ್ಡು ಯಾಕೆ ಬೇಡ? ಸ್ನಾನ ಮಾಡುವಾಗ ಯೋಚಿಸಿದೆ, ತರಕಾರಿ ಹೆಚ್ಚುವಾಗ ಯೋಚಿಸಿದೆ. ಊಟದಲ್ಲಿ ಇವರು ಉಪ್ಪು ಕೇಳಿದರಂತೆ, ನಾನು "ಬನ್ನು ಉಳಿದ್ರೆ ತಾನೆ" ಅಂದೆನಂತೆ. ಅತ್ತೆ ಈಗ ನನಗೆ ಹಾಗೆಂದೇ ಹೆಸರಿಟ್ಟಿದ್ದಾರೆ.

ಹೊಸ ಕಂಪನಿಯಿಂದ ಸ್ವಾಗತದ ಮೇಲ್ ಬಂದಿದೆ. ಭಾನುವಾರ ಓದಿದರಾಯಿತು.

ಜೂನ್ 25, ಬುಧವಾರ

ಸಿಕ್ಕಿತು!

ಮಧ್ಯಾಹ್ನ ನಾನೂ ಐದು ಗಂಟೆಯವರೂ ಬಸ್ಸು ಹಿಡಿದು ನಲವತ್ತೊಂದನೇ ಅಂಗಡಿಗೇ ಹೋದೆವು. ಕೂತು ಯೋಚಿಸಿ ಸಾಕಾಯಿತು, ನೋಡಿಯೇ ಬಿಡೋಣ ಎಂದದ್ದು ಅವರೇ. ಬೆಟ್ಟದ ಮೆಟ್ಟಿಲು ಶುರುವಾಗುವ ಕಡೆ ಸಣ್ಣ ಅಂಗಡಿ. ಗಾಜಿನ ಭರಣಿಗಳು, ತೂಗುಹಾಕಿದ ಪೊರಕೆಗಳು, ಹೊರಗೊಂದು ಅಲ್ಲಾಡುವ ಬೆಂಚು. ಅಂಗಡಿಯಮ್ಮನಿಗೆ ನಮ್ಮ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬನ್ನು ಯಾಕೆ ಮಾರ್ತೀರಾ ಅಂದ್ರೆ? ತಿನ್ನೋಕೆ ತಗೋತಾರೆ, ಮಾರ್ತೀನಿ" ಎಂದು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಯಾವುದೋ ಇಲಾಖೆಯವರು ಎಂದುಕೊಂಡಿರಬೇಕು. ಚಹಾ ತೆಗೆದುಕೊಂಡು ಬೆಂಚಿನ ಮೇಲೆ ಕೂತೆವು. ಬಂದದ್ದು ದಂಡ ಎಂದು ನಾನು ಮನಸ್ಸಿನಲ್ಲೇ ಮ್ಯಾನೇಜರಿಗೆ ನೆಪ ಹುಡುಕುತ್ತಿದ್ದೆ.

ನಾಲ್ಕರ ಸುಮಾರಿಗೆ ಮೇಲಿನಿಂದ ಗದ್ದಲ ಕೇಳಿಸಿತು. ಹಾಸ್ಟೆಲಿನ ಮಕ್ಕಳು ಆಟ ಮುಗಿಸಿ ಮಣ್ಣು ಕಾಲಲ್ಲಿ ಮೆಟ್ಟಿಲು ಇಳಿದು ಬಂದರು. ಒಬ್ಬರ ಮೇಲೊಬ್ಬರು ಬಿದ್ದು ಬನ್ನು ಕೊಂಡರು. ನೋಡ ನೋಡುತ್ತಾ ಬನ್ನಿನ ತಟ್ಟೆ ಬರಿದಾಯಿತು.

ಐದು ಗಂಟೆಯವರು ಲೋಟ ಹಿಡಿದ ಕೈ ಹಾಗೇ ನಿಲ್ಲಿಸಿ, "ಮೇಡಂ, ರಜೆ" ಅಂದರು.

"ಯಾರಿಗೆ ರಜೆ?"

"ಶಾಲೆಗೆ. ಶಾಲೆಗೆ ರಜೆ ಬಂದ್ರೆ ಇಲ್ಲಿ ಬನ್ನು ಯಾರು ತಗೋತಾರೆ?"

ಆಗ ನನಗೂ ಹೊಳೆಯಿತು. ಶಾಲೆಗೆ ರಜೆ ಯಾವಾಗ ಎಂದು ಕಾರ್ಖಾನೆಗೆ ಯಾರೂ ಹೇಳುವುದಿಲ್ಲ. ಒಂದು ವರ್ಷ ಹೇಳಿದರೆ ಮುಂದಿನ ವರ್ಷ ಮರೆಯುತ್ತಾರೆ. ಆದರೆ ಬನ್ನು ಮರೆಯುವುದಿಲ್ಲ. ಬನ್ನು ಖಾಲಿಯಾದರೆ ಮಕ್ಕಳು ಬೆಟ್ಟದ ಮೇಲಿದ್ದಾರೆ, ಉಳಿದರೆ ಮನೆಗೆ ಹೋಗಿದ್ದಾರೆ. ಮೂವತ್ತು ಬ್ರೆಡ್ಡು ಕಳಿಸಬೇಕೋ ಬೇಡವೋ ಎಂದು ತಿಳಿಯಲು ಆ ಪುಣ್ಯಾತ್ಮ ಬನ್ನಿನ ಲೆಕ್ಕ ನೋಡುತ್ತಿದ್ದ. ಅವನಿಗೆ ಜ್ವರ ಎಂದಿದ್ದೆನಲ್ಲ ನಾನು.

ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಬೆಂಚು ಅಲ್ಲಾಡಿ ಚಹಾ ಸೀರೆಯ ಮೇಲೆ ಚೆಲ್ಲಿತು. ಅಂಗಡಿಯಮ್ಮ ಒಳಗಿನಿಂದ ಬಗ್ಗಿ ನೋಡಿದರು.

"ಆದ್ರೂ ಮೇಡಂ, ವರ್ಷಕ್ಕೆ ಎರಡು ಸಲ ಶಾಲೆಗೆ ಫೋನ್ ಮಾಡಿ ಕೇಳಿದ್ರೆ ಆಗ್ತಿತ್ತಲ್ವಾ?" ಅಂದರು ಕಣ್ಣೊರೆಸಿಕೊಳ್ಳುತ್ತಾ.

"ಯಾರು ಮಾಡ್ತಾರೆ ಫೋನು? ನೀವು ಮಾಡ್ತೀರಿ. ನಾನು ಮಾಡ್ತಿರ್ಲಿಲ್ಲ. ಅವನೂ ನನ್ನ ಹಾಗೇ ಸೋಮಾರಿ ಇದ್ದ."

ಬಸ್ಸಿನಲ್ಲಿ ಬರುವಾಗಲೂ ಅದೇ ಮಾತು. ಅವರ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಬಂದು ಇಳಿದರು. ಇವತ್ತು ಆಫೀಸಿನ ಕೆಲಸವೇನೂ ಆಗಲಿಲ್ಲ.

ಜೂನ್ 26, ಗುರುವಾರ

ಮ್ಯಾನೇಜರು ಬಾಗಿಲು ಹಾಕಿ ಕೂರಿಸಿದರು. ಕಾರ್ಖಾನೆಯವರು ಅಜ್ಜನನ್ನು ಹೊಸದಾಗಿ ಬರೆಸುತ್ತಾರಂತೆ, ಬುಡದಿಂದ. "ನಿಮ್ಮ ಬಿಟ್ರೆ ಯಾರಿಗೂ ಅದರ ಒಳಹೊರಗು ಗೊತ್ತಿಲ್ಲ. ಸೋಮವಾರದ ತನಕ ಟೈಮಿದೆ. ಕಾಗದ ವಾಪಸ್ ತಗೊಳ್ಳಿ."

"ಅವರು?" ಎಂದೆ.

"ಇರೋದು ಒಂದೇ ಕುರ್ಚಿ. ಅವರಿನ್ನೂ ಖಾಯಂ ಆಗಿಲ್ಲ, ಹಾಗಾಗಿ ತೊಂದ್ರೆ ಇಲ್ಲ."

ಅಜ್ಜನನ್ನು ಬುಡದಿಂದ ಬರೆಯುವುದು ಎಂದು ಕೇಳಿದಾಗ ಎದೆ ಹಾರಿದ್ದು ನಿಜ. ಯಾಕೆ ಹಾರಬೇಕೋ. ಖುಷಿಯಿಲ್ಲದ ಕೆಲಸ ತಾನೆ.

ಜೂನ್ 27, ಶುಕ್ರವಾರ

ಊಟದ ಹೊತ್ತಿಗೆ ಐದು ಗಂಟೆಯವರನ್ನು ಸುತ್ತು ಬಳಸಿ ಕೇಳಿದೆ, ನಿಮಗೆ ಈ ಕೆಲಸವೇ ಯಾಕೆ ಬೇಕು ಎಂದು. ಅವರು ಹೇಳಿದ್ದನ್ನು ಇದ್ದ ಹಾಗೇ ಬರೆದಿಡುತ್ತೇನೆ.

"ಮನೇಲಿ ಎಲ್ಲಾ ಕೆಲಸಾನೂ ಪ್ರೀತಿಯಿಂದ ಮಾಡ್ಬೇಕು ಮೇಡಂ. ಅಡುಗೆ ಪ್ರೀತಿಯಿಂದ ಮಾಡ್ಬೇಕು, ಬಟ್ಟೆ ಪ್ರೀತಿಯಿಂದ ಮಡಚ್ಬೇಕು. ಬೇಜಾರಾಯ್ತು ಅಂದ್ರೆ ಅದೇ ತಪ್ಪು, ನಿಂಗೆ ನಮ್ಮ ಮೇಲೆ ಪ್ರೀತಿ ಇಲ್ವಾ ಅಂತಾರೆ. ಇಲ್ಲಿ ಯಾರೂ ಹಾಗೆ ಕೇಳಲ್ಲ. ಖುಷಿ ಇರ್ಲಿ ಬಿಡ್ಲಿ, ಸರಿಯಾಗಿ ಮಾಡಿದ್ರೆ ಆಯ್ತು. ಐದಕ್ಕೆ ಮುಗೀತು. ಇಷ್ಟು ವರ್ಷ ಆದ್ಮೇಲೆ ಮುಗಿಯೋ ಕೆಲಸ ಅಂತ ಒಂದು ಸಿಕ್ಕಿದೆ ನಂಗೆ. ಇದನ್ನ ಮಾತ್ರ ಬಿಡಲ್ಲ."

ಆಮೇಲೆ ನನ್ನ ತಟ್ಟೆ ನೋಡಿ, "ನೀವೇನೂ ತಿಂದೇ ಇಲ್ವಲ್ಲ" ಅಂದರು. ಮ್ಯಾನೇಜರು ಆಡಿದ ಮಾತು ಅವರಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ.

ಜೂನ್ 28, ಶನಿವಾರ

ಕ್ಲಿನಿಕ್ಕು ಮುಚ್ಚಿದ ಮೇಲೆ ಇವರಿಗೆ ಎಲ್ಲ ಹೇಳಿದೆ. ಆಮೇಲೆ, "ನಿಜ ಹೇಳಿ, ನಿಮಗೆ ಕೆಲಸದಲ್ಲಿ ಖುಷಿ ಆಗುತ್ತಾ?" ಎಂದೆ. ಈ ಸಲ ಜೋಕು ಮಾಡಲಿಲ್ಲ.

"ಆಗುತ್ತೆ, ಕೆಲವು ಸಲ. ಹೇಳಿ ಕೇಳಿ ಬರಲ್ಲ ಅದು. ಖುಷಿ ಬರ್ಲಿ ಅಂತ ಕಾಯ್ಕೊಂಡು ಕೂತ ದಿನ ಬರಲ್ಲ. ಕಷ್ಟದ ಹಲ್ಲು ಯಾವುದೋ ಸಿಕ್ಕಿ, ಮಾಡ್ತಾ ಮಾಡ್ತಾ ಹೊತ್ತು ಹೋಗಿರುತ್ತೆ. ಆಗ ಖುಷಿ ಅಂತ ಅನ್ಸೋದೂ ಇಲ್ಲ. ರೋಗಿ ಎದ್ದು ಹೋದ್ಮೇಲೆ ಚೆನ್ನಾಗಿ ಹಸಿವಾಗುತ್ತೆ, ಅಷ್ಟೇ."

ಅತ್ತೆ ಪದಬಂಧದ ಮೇಲೆ ಪೆನ್ನು ಇಟ್ಟು, "ಇದಕ್ಕೆ ಯಾರಾದ್ರೂ ಸಂಬಳ ಕೊಟ್ಟಿದ್ರೆ ನಾನು ಮೊದಲ ವಾರಾನೇ ಬಿಟ್ಟು ಬರ್ತಿದ್ದೆ. ದಿನಾ ಎಂಟು ಗಂಟೆಗೆ ಬಿಡಿಸಿ ಕೊಡು ಅಂದ್ರೆ ಯಾರಿಂದಾಗುತ್ತೆ" ಅಂದರು.

"ನೀನೇನ್ಮಾಡ್ತೀಯ?" ಎಂದು ಇವರು ಕೇಳಿದರು. ಗೊತ್ತಿಲ್ಲ ಎಂದೆ. "ಹೋಗೋದಾದ್ರೆ ಹೋಗು, ಇರೋದಾದ್ರೆ ಇರು. ಆದ್ರೆ ಈ ವಾರ ನೀನು ಊಟಕ್ಕೆ ಕೂತಾಗಲೆಲ್ಲ ಆಫೀಸಿನ ವಿಷಯಾನೇ ಮಾತಾಡಿದ್ದು, ನೆನಪಿದೆಯಾ? ಮುಂಚೆ ಆಫೀಸು ಅಂದ್ರೆ ಎದ್ದು ಹೋಗ್ತಿದ್ದೆ" ಅಂದರು. ಹಾಗೇನಿಲ್ಲ, ಅದು ಬರೀ ಬನ್ನಿನ ವಿಷಯ ಎಂದೆ.

ಜೂನ್ 30, ಸೋಮವಾರ

ಬೇಡ ಎಂದೆ.

ಮ್ಯಾನೇಜರು, "ಇಲ್ಲಿ ಖುಷಿ ಇಲ್ಲ, ಅದೇ ತಾನೆ?" ಅಂದರು. ಹೌದು ಎಂದೆ. ಹೊಸ ಕಂಪನಿಗೆ ಮಾತು ಕೊಟ್ಟಾಗಿದೆ ಎಂದೂ ಸೇರಿಸಿದೆ. ಅಜ್ಜನನ್ನು ಬುಡದಿಂದ ಬರೆಯುವ ಕೆಲಸವನ್ನು ಐದು ಗಂಟೆಯವರಿಗೇ ಕೊಡಬೇಕು, ಬನ್ನಿನ ಗುಟ್ಟು ಕಂಡುಹಿಡಿದದ್ದು ಅವರು, ನಾನಲ್ಲ ಎಂದು ಎರಡು ಸಲ ಹೇಳಿದೆ. ಹೊರಗೆ ಬಂದರೆ ಅವರು ಹದಿನೇಳನೇ ಅಂಗಡಿಯ ಸಾಲು ತೆರೆದುಕೊಂಡು, "ಮೇಡಂ, ಇದನ್ನ ನೋಡಿ ಇಲ್ಲಿ, ತಮಾಷೆಯಾಗಿದೆ" ಎಂದು ಕುರ್ಚಿ ಸರಿಸಿದರು. ಸಂಜೆಯವರೆಗೂ ಅದರಲ್ಲೇ ಹೋಯಿತು.

ಜುಲೈ 11, ಶುಕ್ರವಾರ

ಕೊನೆಯ ದಿನ. ಅಜ್ಜನನ್ನು ಒಪ್ಪಿಸಿದೆ. ಹೆಚ್ಚು ಕಡಿಮೆ ಎಲ್ಲ ಸಾಲಿಗೂ 'ಯಾಕೆ' ಬರೆದಾಗಿದೆ. ಕೆಲವಕ್ಕೆ ಏನು ಮಾಡಿದರೂ ಸಿಗಲಿಲ್ಲ, ಅವುಗಳ ಪಕ್ಕದಲ್ಲಿ 'ಗೊತ್ತಿಲ್ಲ, ಆದರೆ ಮುಟ್ಟಬೇಡಿ' ಎಂದು ಬರೆದೆವು. ಐದು ಗಂಟೆಯವರ ಕೈ ಕುಲುಕಿದೆ. "ಊಟ ಬಿಡ್ಬೇಡಿ ಮೇಡಂ" ಅಂದರು.

ಮನೆಗೆ ಬರುವ ದಾರಿಯಲ್ಲಿ ಒಂದು ಬ್ರೆಡ್ಡಿನ ವ್ಯಾನು ದಾಟಿ ಹೋಯಿತು. ಎಷ್ಟನೇ ಅಂಗಡಿಗೆ ಹೊರಟಿದೆಯೋ ಎಂದು ಸಿಗ್ನಲ್ಲಿನ ತನಕ ನೋಡಿದೆ.

ಜುಲೈ 17, ಗುರುವಾರ

ಹೊಸ ಆಫೀಸು ಬಹಳ ಚೆನ್ನಾಗಿದೆ. ಕೂತರೆ ಹೂತು ಹೋಗುವ ಮೆತ್ತನೆಯ ಚೀಲಗಳಿವೆ, ಉಯ್ಯಾಲೆ ಇದೆ, ಟೇಬಲ್ ಟೆನಿಸ್ ಇದೆ. ಎಲ್ಲರೂ ಒಳ್ಳೆಯವರು. ಗಂಟೆಗೊಮ್ಮೆ ಯಾರಾದರೂ ಬಂದು "ಮಜಾ ಬರ್ತಿದೆಯಾ ಮೇಡಂ?" ಎಂದು ಕೇಳುತ್ತಾರೆ. ಬರ್ತಿದೆ ಎನ್ನುತ್ತೇನೆ. ಬೇಜಾರಾಯಿತು ಎಂದರೆ ಅವರಿಗೆ ಎಲ್ಲಿ ನೋವಾಗುತ್ತದೋ ಎಂದು ಹೆದರಿಕೆ.

ನನಗೆ ಕೊಟ್ಟ ಕೆಲಸ: ಆಟದಲ್ಲಿ ನಾಣ್ಯ ಕೆಳಗೆ ಬಿದ್ದರೆ ಅದು ಎಷ್ಟು ಸಲ ಪುಟಿಯಬೇಕು ಎಂದು ನೋಡುವುದು. ಮೂರು ಸಲ ಪುಟಿಸಿದೆ. ನಾಲ್ಕು ಮಾಡಿ ಅಂದರು. ಮಾಡಿದೆ. ಮೂರೇ ಚೆನ್ನಾಗಿತ್ತು ಅಂದರು.

ಆಗಸ್ಟ್ 10, ಭಾನುವಾರ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಐದು ಗಂಟೆಯವರ ಫೋನು ಬಂತು. ಭಾನುವಾರ ಅವರು ಆಫೀಸಿನ ಹೆಸರು ಎತ್ತುವವರಲ್ಲ.

"ಏನಾಯ್ತು? ಅಜ್ಜ ನಿಂತನಾ?"

"ಇಲ್ಲ ಇಲ್ಲ, ಎಲ್ಲಾ ಚೆನ್ನಾಗಿದೆ. ತೊಂದ್ರೆ ಕೊಟ್ನಾ ಮೇಡಂ? ಮೊನ್ನೆ ನನ್ನ ಖಾಯಂ ಮಾಡಿದ್ರು."

ಮನಸ್ಸು ತುಂಬಿ ಬಂತು. ಒಳ್ಳೆಯದಾಯಿತು, ಇದನ್ನು ಹೇಳಲು ಫೋನ್ ಮಾಡಿದಿರಲ್ಲ, ಬಹಳ ಸಂತೋಷ ಎಂದೆ.

"ಅದಕ್ಕೆ ಮಾಡಿದ್ದಲ್ಲ ಮೇಡಂ" ಅಂದರು. ಧ್ವನಿ ತಗ್ಗಿಸಿದರು, ಹಿಂದೆ ಮನೆಯವರು ಇದ್ದರೆಂದು ಕಾಣುತ್ತದೆ. "ಬೆಟ್ಟದ ಕೆಳಗಿನ ಅಂಗಡಿ ಮುಚ್ತಾರಂತೆ. ಆಯಮ್ಮ ಮಗಳ ಮನೆಗೆ ಹೋಗ್ತಾರಂತೆ. ಇನ್ನು ನಮಗೆ ಬನ್ನಿನ ಲೆಕ್ಕ ಸಿಗಲ್ಲ."

ನಾನು ಅಷ್ಟರಲ್ಲಿ ಅತ್ತೆಯ ಕೈಯಿಂದ ಪೆನ್ನು ಕಿತ್ತುಕೊಂಡಿದ್ದೆ. "ತಡೀರಿ, ಯೋಚಿಸೋಣ. ನಲವತ್ತನೇ ಅಂಗಡೀಲಿ ಬೇರೆ ಏನಾದ್ರೂ..."

"ಸಿಕ್ತು ಮೇಡಂ" ಅಂದರು. "ಕೇಕು. ಶನಿವಾರ ಶನಿವಾರ ಹಾಸ್ಟೆಲಿನವರು ಕಾರ್ಖಾನೆಯಿಂದ ಒಂದು ಕೇಕು ತರಿಸ್ತಾರೆ. ಅಷ್ಟು ಜನ ಮಕ್ಕಳಿದ್ದಾರಲ್ಲ, ಪ್ರತಿ ವಾರ ಯಾರದ್ದಾದ್ರೂ ಹುಟ್ಟಿದಬ್ಬ ಇದ್ದೇ ಇರುತ್ತೆ. ಶನಿವಾರ ಕೇಕು ಹೋಗಿದ್ರೆ ಮಕ್ಕಳಿದ್ದಾರೆ, ಹೋಗಿಲ್ಲ ಅಂದ್ರೆ ರಜೆ. ನಿನ್ನೆ ಸಂಜೆ ಬಟ್ಟೆ ಒಣಗಿಸ್ತಾ ಇದ್ದೆ, ಥಟ್ ಅಂತ ಹೊಳೀತು. ರಾತ್ರಿ ನಿದ್ದೇನೇ ಬರ್ಲಿಲ್ಲ. ಮನೇಲಿ ಹೇಳ್ದೆ, ಹ್ಞೂ ಅಂದು ಟೀವಿ ನೋಡಿದ್ರು. ನಾಳೆ ತನಕ ತಡ್ಕೊಳ್ಳೋಕೆ ಆಗ್ಲಿಲ್ಲ. ಯಾರಿಗಾದ್ರೂ ಹೇಳ್ಬೇಕಿತ್ತು."

ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಬೇರೆ ಹೆಸರಿಲ್ಲ. ಕೇಕು ನನಗೆ ಹೊಳೆಯಬೇಕಿತ್ತು, ಆ ರಾತ್ರಿ ನಿದ್ದೆ ಹೋಗಬೇಕಾದದ್ದು ನನ್ನದು ಎನ್ನಿಸಿತು. ಹಾಗೆನ್ನಿಸುವಾಗಲೇ ಕಣ್ಣಲ್ಲಿ ನೀರೂ ಬಂತು, ಮುಖದ ತುಂಬ ನಗುವೂ ಬಂತು. ಅತ್ತೆ ಪೆನ್ನಿಗಾಗಿ ಕೈ ಚಾಚಿದವರು ನನ್ನ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡರು.

"ಮೇಡಂ, ಕೇಳಿಸ್ತಾ ಇದೆಯಾ?"

"ಕೇಳಿಸ್ತಿದೆ. ಇನ್ನೊಂದ್ಸಲ ಹೇಳಿ" ಎಂದೆ. "ಬಟ್ಟೆ ಒಣಗಿಸ್ತಾ ಇದ್ರಲ್ಲ, ಅಲ್ಲಿಂದ ಹೇಳಿ."

ಅವರು ಅಲ್ಲಿಂದ ಹೇಳಿದರು.